ಹನ್ನೊಂದು ಗಂಟೆಯ ಕಾಫಿ ಕಲೆ

ನನ್ನ ಅಡುಗೆಕಟ್ಟೆಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಏಳು ವರ್ಷದ ಹಿಂದೆ ಹಳೆಯ ಕಡಪ ಕಲ್ಲು ಕೀಳಿಸಿ ಬಿಳಿ ಕ್ವಾರ್ಟ್ಜ್ ಸ್ಲ್ಯಾಬು ಕೂರಿಸಿದ ದಿನದಿಂದ ಅದನ್ನು ಕಾಪಾಡಿಕೊಂಡು ಬಂದವಳು ನಾನು. ಪಾತ್ರೆ ತೊಳೆಯುವ ಸೋಪನ್ನು ಉಗುರುಬೆಚ್ಚಗಿನ ನೀರಿಗೆ ಹಾಕಬೇಕು, ಮೆತ್ತನೆಯ ಬಟ್ಟೆ ಅದ್ದಿ ಹಿಂಡಬೇಕು, ಉದ್ದಕ್ಕೆ ನಾಲ್ಕು ಸಲ, ಅಡ್ಡಕ್ಕೆ ಎರಡು ಸಲ ಒರೆಸಬೇಕು, ಆಮೇಲೆ ಒಣಬಟ್ಟೆಯಲ್ಲಿ ತೇವ ತೆಗೆಯಬೇಕು. ಪಾತ್ರೆ ಉಜ್ಜುವ ತಂತಿ ತಾಗಿಸಬಾರದು. ಬ್ಲೀಚಿಂಗ್ ಪುಡಿ, ಆಸಿಡ್ಡು ಹತ್ತಿರ ಸುಳಿಯಬಾರದು, ಹೊಳಪೆಲ್ಲ ಸತ್ತುಹೋಗುತ್ತದೆ. ಹಠಮಾರಿ ಕಲೆಗೆ ಅಡುಗೆಸೋಡಾ ಕಲಸಿ ಹಚ್ಚಿ ಹತ್ತು ನಿಮಿಷ ಬಿಡಬೇಕು. ಅಂಟಿಕೊಂಡಿದ್ದನ್ನು ಪ್ಲಾಸ್ಟಿಕ್ ತುಂಡಿನಿಂದ ಎಬ್ಬಿಸಬೇಕೇ ಹೊರತು ಚಾಕುವಿನಿಂದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಒಲೆಯಿಂದ ಇಳಿಸಿದ್ದನ್ನು ಕೆಳಗೆ ಸಿಂಬಿ ಇಲ್ಲದೆ ಬರಿಕಲ್ಲಿನ ಮೇಲೆ ಇಡಬಾರದು. ಈ ಕಲ್ಲು ಬೆಂಕಿ ತಡೆಯುವುದಿಲ್ಲ. ಒಂದು ಸಲ ಸುಟ್ಟು ಕಂದಾಯಿತೆಂದರೆ ದೇವರೇ ಇಳಿದು ಬಂದು ಒರೆಸಿದರೂ ಆ ಗುರುತು ಹೋಗುವುದಿಲ್ಲ.

ನಮ್ಮ ಊರಿನಲ್ಲಿ ಈ ಕಲ್ಲುಗಳು ಜೋಡಿ. ಒಂದೇ ಹಲಗೆಯಿಂದ ಕೊಯ್ದ ಎರಡು ತುಂಡುಗಳು ಎರಡು ಮನೆ ಸೇರುತ್ತವೆ. ಆ ಮನೆಯ ಕಟ್ಟೆಯ ಮೇಲೆ ಬಿದ್ದ ಕಲೆ ಈ ಮನೆಯಲ್ಲೂ ಕಾಣಿಸಿಕೊಳ್ಳುತ್ತದೆ, ಇಲ್ಲಿ ಒರೆಸಿದರೆ ಅಲ್ಲೂ ಹೋಗುತ್ತದೆ. ಬಿಸಿಯೂ ಹಾಗೆಯೇ ಇಲ್ಲಿಂದಲ್ಲಿಗೆ ದಾಟುತ್ತದೆ. ಯಾವ ಮನೆಗೆ ಯಾವ ಮನೆ ಜೋಡಿ ಎನ್ನುವುದು ಕಲ್ಲು ಕೂರಿಸುವ ಈರಣ್ಣನೊಬ್ಬನಿಗೆ ಗೊತ್ತು, ಅವನು ಬಾಯಿ ಬಿಡುವಂತಿಲ್ಲ. ಹಾಗೆ ಎಲ್ಲ ಗೊತ್ತಿರುವವನು ತನ್ನ ಮನೆಗೆ ಮಾತ್ರ ಕ್ವಾರ್ಟ್ಜ್ ಹಾಕಿಸಿಕೊಳ್ಳಬಾರದು, ಕಡಪ ಕಲ್ಲಿನಲ್ಲೇ ಇರಬೇಕು. ಜೋಡಿ ಯಾವುದೆಂದು ಬಯಲಾದರೆ ಎರಡೂ ಮನೆಯವರು ಕಲ್ಲು ಕೀಳಿಸಬೇಕು. ಅದಕ್ಕೇ ನಮ್ಮಲ್ಲಿ ಬಾಗಿಲು ಬಡಿದ ಸದ್ದಾದ ಕೂಡಲೇ ಮೊದಲು ಕಟ್ಟೆಗೆ ಮುಸುಕು ಹಾಸುತ್ತಾರೆ, ಬಾಗಿಲು ತೆಗೆಯುವುದು ಆಮೇಲೆ. ಮದುವೆಯಾಗಿ ಹೋಗುವ ಹುಡುಗಿಗೆ ತವರಿನವರು ಅಂಚಿಗೆ ಕಸೂತಿ ಹಾಕಿದ ಎರಡು ಮುಸುಕು ಕೊಟ್ಟು ಕಳಿಸುತ್ತಾರೆ. ನನ್ನವು ಇನ್ನೂ ಗಟ್ಟಿಮುಟ್ಟಾಗಿವೆ.

ಈ ಏಳು ವರ್ಷದಲ್ಲಿ ನನ್ನ ಜೋಡಿಮನೆಯವಳು ಒಂದು ದಿನವಾದರೂ ತನ್ನ ಕಟ್ಟೆಯನ್ನು ತಾನು ಒರೆಸಿದ್ದು ನಾನು ಕಾಣೆ. ಬೆಳಗ್ಗೆ ಎದ್ದು ನೋಡಿದರೆ ಅರಿಸಿನದ ಬೆರಳಚ್ಚು, ಉಪ್ಪಿನಕಾಯಿ ಎಣ್ಣೆ, ಹುಳಿ ಚೆಲ್ಲಿ ಒಣಗಿದ ಗೆರೆ. ನಾನು ಹುಳಿಯನ್ನೇ ಮಾಡದ ದಿನ ನನ್ನ ಕಟ್ಟೆಯ ಮೇಲೆ ಹುಳಿ! ನಾನು ಒರೆಸಿಯೇ ಒರೆಸುತ್ತೇನೆ ಎನ್ನುವುದನ್ನು ಅವಳು ಚೆನ್ನಾಗಿ ಲೆಕ್ಕ ಹಾಕಿಕೊಂಡಿದ್ದಾಳೆ ಎಂದು ನನ್ನ ಗುಮಾನಿ. ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟಿದ್ದೆ. ‘ನೋಡಿ ನಿಮ್ಮ ಮಹಾರಾಣಿ ಇವತ್ತು ಏನು ಚೆಲ್ಲಿದಾಳೆ’ ಎಂದು ನಮ್ಮ ಯಜಮಾನರಿಗೆ ಹೇಳಿದರೆ ಅವರು ಮೊದಮೊದಲು ನಗುತ್ತಿದ್ದರು. ಈ ವರ್ಷ ಯುಗಾದಿ ಕಳೆದ ಮೇಲೆ ನಗುವುದನ್ನು ಬಿಟ್ಟು, ‘ಹೋಗ್ಲಿ ಬಿಡೇ ಅಂಬೂ, ಪಾಪ, ಕೈಲಾಗದೋರು ಇರಬಹುದು’ ಎನ್ನತೊಡಗಿದರು. ಪಾಪವಂತೆ! ಮುಖ ನೋಡದವಳ ಮೇಲೆ ಈ ಮನುಷ್ಯನಿಗೆ ಎಲ್ಲಿಂದ ಬಂತು ಇಷ್ಟು ಕನಿಕರ ಎಂದು ನನಗೆ ಅವತ್ತೇ ಹೊಳೆಯಬೇಕಿತ್ತು.

ನಮ್ಮ ಯಜಮಾನರು ಪಾಂಡುರಂಗ. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ. ಮಾತು ಕಡಿಮೆ, ಎಡಗೈ ರೂಢಿ. ಮನೆಯಲ್ಲಿ ನಾವಿಬ್ಬರೇ. ಮಕ್ಕಳಾಗಲಿಲ್ಲ, ಅದಕ್ಕಾಗಿ ಅಳುವುದೆಲ್ಲ ಅತ್ತು ಮುಗಿಸಿದ್ದೇನೆ. ಹಳೆಯ ಕಡಪ ಕಲ್ಲು ಇದ್ದ ಕಾಲದಲ್ಲಿ ಅವರು ಅಡುಗೆಮನೆಯಲ್ಲೇ ಕಟ್ಟೆಗೆ ಒರಗಿ ನಿಂತು ಕಾಫಿ ಕುಡಿಯುತ್ತಿದ್ದರು. ಲೋಟವನ್ನು ತುಂಬ ತುಂಬಿಸಿಕೊಂಡು, ಚೆಲ್ಲಿಸಿ, ಕಲ್ಲಿನ ಮೇಲಿಟ್ಟು, ಎತ್ತುವ ಮುಂಚೆ ಎಡಕ್ಕೆ ಎರಡು ಬೆರಳು ಎಳೆಯುವುದು ಅವರ ಅಭ್ಯಾಸ. ಹಾಗಾಗಿ ಅವರ ಲೋಟದ ಗುರುತು ಬರಿಯ ಉಂಗುರವಲ್ಲ, ಅದಕ್ಕೊಂದು ಬಾಲ. ಕ್ವಾರ್ಟ್ಜ್ ಬಂದ ದಿನವೇ ನಾನು ಕಟ್ಟುನಿಟ್ಟಾಗಿ ಹೇಳಿಬಿಟ್ಟೆ, ‘ರೀ, ಇನ್ಮೇಲೆ ಲೋಟ ಇದರ ಮೇಲೆ ಇಡಕೂಡದು. ಕಾಫಿ ಹಿತ್ತಿಲ ಮೆಟ್ಟಿಲ ಮೇಲೆ.’ ಅವರು ಆಯಿತು ಎಂದರು. ಅಂದಿನಿಂದ ಬೆಳಗ್ಗೆ ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಕುಡಿದು, ಲೋಟವನ್ನು ತಾವೇ ತೊಳೆದಿಡುತ್ತಿದ್ದರು. ನಾನು ಅದನ್ನು ನನ್ನ ಗೆಲುವು ಎಂದುಕೊಂಡಿದ್ದೆ.

ಯುಗಾದಿ ಕಳೆದು ಎರಡು ದಿನವಾಗಿತ್ತು. ಬೆಳಗಿನ ಹನ್ನೊಂದು ಗಂಟೆಯ ಹೊತ್ತು, ಕಟ್ಟೆಯ ಪಕ್ಕದಲ್ಲೇ ನಿಂತು ಬೀನ್ಸು ಹೆಚ್ಚುತ್ತಿದ್ದೆ. ಬಿಳಿಕಲ್ಲಿನ ಮೇಲೆ ಮೆಲ್ಲಗೆ ಒಂದು ಕಂದು ಉಂಗುರ ಮೂಡಿತು. ನೋಡುತ್ತಿದ್ದಂತೆಯೇ ಎಡಕ್ಕೆ ಎರಡು ಬೆರಳು ಬಾಲ ಬೆಳೆಯಿತು. ನಮ್ಮವರ ಲೋಟದ ಗುರುತೇ! ಊರಲ್ಲಿ ಎಡಚರು ಇನ್ನೂ ಇರಬಹುದು ಎಂದು ಸಮಾಧಾನ ಮಾಡಿಕೊಂಡು ಒರೆಸಿದೆ. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಉಂಗುರ, ಅದೇ ಬಾಲ. ಅದರ ಮಾರನೆಯ ದಿನವೂ. ಭಾನುವಾರ ಮಾತ್ರ ಇಲ್ಲ. ಭಾನುವಾರ ನಮ್ಮವರ ಅಂಗಡಿಗೆ ರಜೆ, ಮನೆಯಲ್ಲೇ ಇರುತ್ತಾರೆ. ಇನ್ನೇನು ಬೇಕು ಹೇಳಿ?

ಕಲೆಯ ವಿಷಯ ಹೊರಗೆ ಆಡುವುದು ನಮ್ಮೂರಲ್ಲಿ ಮರ್ಯಾದೆಯಲ್ಲ. ಹೊಟ್ಟೆಯೊಳಗೇ ಇಟ್ಟುಕೊಂಡು ಕುದಿಯುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಜಲಜಕ್ಕ ಕರಿಬೇವು ಕೇಳಲು ಬಂದವರು, ಮುಸುಕು ಹಾಸಿದ ನನ್ನ ಕಟ್ಟೆಗೆ ಬೆನ್ನು ಮಾಡಿ ನಿಂತು, ‘ಅಲ್ವೇ ಅಂಬುಜಾ, ನಿಮ್ಮೋರಿಗೆ ಮೈ ಗಿಯ್ ಹುಷಾರಿಲ್ವಾ?’ ಎಂದರು.

‘ಯಾಕಕ್ಕಾ? ಗುಂಡುಕಲ್ಲಿನ ಥರ ಇದಾರಲ್ಲ!’

‘ಅಲ್ಲಾ, ನಿನ್ನೆ ಕನ್ನಡಕದ ಕಾಲು ಬಿಗಿ ಮಾಡಿಸೋಣ ಅಂತ ಅಂಗಡಿಗೆ ಹೋಗಿದ್ದೆ. ಹನ್ನೊಂದು ಗಂಟೆ ಇರಬೇಕು. ಬಾಗ್ಲು ಹಾಕಿತ್ತು. ಮೊನ್ನೇನೂ ಹಾಕಿತ್ತಂತೆ, ಎದುರಂಗಡಿಯೋನು ಹೇಳ್ದ.’ ಕರಿಬೇವಿನ ಎಲೆ ಬಿಡಿಸುತ್ತಾ, ‘ನಾನೇನೂ ಹೇಳಲ್ಲಪ್ಪ. ಗಂಡಸರ ವಿಷಯ. ಕಣ್ಣಿಟ್ಟಿರೋದು ಒಳ್ಳೇದು’ ಎಂದು ಹೇಳಬೇಕಾದ್ದನ್ನೆಲ್ಲ ಹೇಳಿಯೇ ಹೋದರು.

ಅವತ್ತು ಊಟಕ್ಕೆ ಬಂದ ಯಜಮಾನರಿಗೆ ಸಾರು ಬಡಿಸುತ್ತಾ ಕೇಳಿದೆ, ‘ಅಂಗಡೀಲಿ ಬೆಳಗ್ಗೆ ಹೊತ್ತು ಜನ ಇರ್ತಾರಾ?’

‘ಇರ್ತಾರೆ.’

‘ಹನ್ನೊಂದು ಗಂಟೆಗೆ?’

ಅವರ ಕೈ ಅನ್ನದ ಮೇಲೆ ಒಂದು ಕ್ಷಣ ನಿಂತಿತು. ‘ಇರ್ತೀನಲ್ಲ, ಅಂಗಡೀಲೇ ಇರ್ತೀನಿ’ ಎಂದರು. ಜನ ಇರುತ್ತಾರಾ ಎಂದು ಕೇಳಿದರೆ ನಾನಿರುತ್ತೇನೆ ಎಂದು ಉತ್ತರ! ಹದಿನೆಂಟು ವರ್ಷದಲ್ಲಿ ಈ ಮನುಷ್ಯ ನನಗೆ ಹೇಳಿದ ಮೊದಲ ಸುಳ್ಳು ಎಂದುಕೊಂಡೆ. ಮೊದಲನೆಯದೋ ಎಷ್ಟನೆಯದೋ ಯಾರಿಗೆ ಗೊತ್ತು ಎಂದು ಆಮೇಲೆ ಅನ್ನಿಸಿತು.

ಮಾರನೆಯ ದಿನ ನಾನೇ ಹೋಗಿ ನೋಡಿದೆ. ಹನ್ನೊಂದಕ್ಕೆ ಐದು ನಿಮಿಷವಿತ್ತು. ಅಂಗಡಿಯ ಬಾಗಿಲಿಗೆ ‘ಈಗ ಬರುತ್ತೇನೆ’ ಎಂದು ಅವರದೇ ಅಕ್ಷರದ ಬೋರ್ಡು ನೇತಾಡುತ್ತಿತ್ತು. ಓಡೋಡಿ ಮನೆಗೆ ಬಂದೆ, ಸೆರಗಿನಲ್ಲಿ ಬೆವರು ಒರೆಸಿಕೊಂಡು ಕಟ್ಟೆ ನೋಡಿದೆ. ಉಂಗುರ ಬಂದು ಕೂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೊಸದು ಕಂಡಿತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಕೆಂಪು ತೊಟ್ಟು. ಸೋಪಿನ ನೀರಿಗೆ ಹೋಗಲಿಲ್ಲ, ಸೋಡಾಕ್ಕೂ ಜಗ್ಗಲಿಲ್ಲ. ಪ್ಲಾಸ್ಟಿಕ್ ತುಂಡಿನಿಂದ ಕೆರೆದರೆ ಸಿಪ್ಪೆಯಂತೆ ಎದ್ದು ಬಂತು. ಉಗುರಿಗೆ ಹಚ್ಚುವ ಬಣ್ಣ! ಬೆಳಗಿನ ಹೊತ್ತು, ಅಡುಗೆ ಮಾಡುವ ಕಟ್ಟೆಯ ಮೇಲೆ, ನನ್ನ ಗಂಡನ ಕಾಫಿಲೋಟದ ಪಕ್ಕದಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾಳಲ್ಲ, ಎಷ್ಟು ಕೊಬ್ಬಿರಬೇಡ ಇವಳಿಗೆ!

ಅಲ್ಲಿಂದ ನನ್ನ ಕಣ್ಣು ಊರಿನ ಹೆಂಗಸರ ಉಗುರಿನ ಮೇಲೆ. ತರಕಾರಿಯವಳ ಹತ್ತಿರ, ನಲ್ಲಿಯ ಹತ್ತಿರ, ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಚಾಚಿದಾಗ, ಎಲ್ಲಿ ಹೋದರೂ ಉಗುರು. ಕೆಂಪು ಬಣ್ಣದವರು ಮೂವರು ಸಿಕ್ಕಿದರು. ಒಬ್ಬಳು ಕಾಲೇಜು ಹುಡುಗಿ, ಇನ್ನೊಬ್ಬರು ಎಪ್ಪತ್ತು ದಾಟಿದವರು. ಉಳಿದವಳು ರವಿಕೆ ಹೊಲಿಯುವ ಸುಗುಣಾ. ಗಂಡ ಲಾರಿಯ ಮೇಲೆ ತಿಂಗಳುಗಟ್ಟಲೆ ಹೊರಗೆ, ಮುಖದಲ್ಲಿ ಸದಾ ನಗು, ಮನೆ ಪೇಟೆಬೀದಿಯ ಹಿಂದಿನ ಗಲ್ಲಿಯಲ್ಲೇ. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆದರೂ ಕಣ್ಣಾರೆ ನೋಡೋಣವೆಂದು ಮನೆಯಲ್ಲಿ ಕಟ್ಟೆಯ ಮೂಲೆಗೆ, ಜೋಡಿಯಾದರೆ ಅಲ್ಲೂ ಮೂಡಿರಲೆಂದು ಇದ್ದಿಲಿನಿಂದ ಒಂದು ಗೆರೆ ಎಳೆದು, ರವಿಕೆ ಬಟ್ಟೆ ಹಿಡಿದುಕೊಂಡು ಅವಳ ಮನೆಗೆ ಹೋದೆ. ಅಳತೆ ಕೊಟ್ಟು, ಕುಡಿಯಲು ನೀರು ಕೇಳಿ, ಅವಳ ಹಿಂದೆಯೇ ಅಡುಗೆಮನೆಗೆ ನುಗ್ಗಿದೆ. ಅವಳು ಬಿಂದಿಗೆಯ ಕಡೆ ತಿರುಗಿದ್ದೇ ತಡ, ಮುಸುಕಿನ ಮೂಲೆ ಎತ್ತಿದೆ.

ಗೆರೆ ಇದೆಯೋ ಇಲ್ಲವೋ ಕಾಣುವ ಮೊದಲೇ ಸುಗುಣಾ ನನ್ನ ಕೈಗೆ ಫಟ್ಟನೆ ಹೊಡೆದಳು. ‘ಏನಮ್ಮಾ ಇದು? ನಿಮ್ಗೆ ಮಾನ ಮರ್ಯಾದೆ ಇದೆಯಾ? ದೊಡ್ಡೋರು ಅಂತ ಒಳಗೆ ಬಿಟ್ಕೊಂಡ್ರೆ ಕಟ್ಟೆ ಮುಸುಕಿಗೇ ಕೈ ಹಾಕ್ತೀರಾ?’

‘ಮುಚ್ಚಿಡೋಕೆ ಏನೋ ಇರೋದಕ್ಕೇ ಹೀಗಾಡ್ತಿದೀಯ’ ಎಂದೆ ನಾನು. ತಪ್ಪು ನನ್ನದೇ ಆದರೂ ದನಿ ನನ್ನದೇ ಜೋರು.

‘ಎಲ್ಲರೂ ಮುಚ್ಚಿಡೋದೇ ಅಲ್ವಾ? ನಿಮ್ಮದನ್ನ ತೆಗ್ದು ತೋರಿಸ್ತೀರಾ? ನಡೀರಿ ಆಚೆ!’ ರವಿಕೆ ಬಟ್ಟೆಯನ್ನು ನನ್ನ ಮೇಲೆಸೆದು ಬಾಗಿಲು ಹಾಕಿಕೊಂಡಳು.

ಅಷ್ಟು ಸಿಟ್ಟು ಬರಬೇಕಾದರೆ ಅವಳೇ ಎಂದು ನಿಶ್ಚಯಿಸಿಕೊಂಡೆ. ನನ್ನ ಮುಸುಕಿಗೆ ಯಾರಾದರೂ ಕೈ ಹಾಕಿದ್ದರೆ ನಾನೂ ಇಷ್ಟೇ ಸಿಟ್ಟಾಗುತ್ತಿದ್ದೆ ಎನ್ನುವುದು ಆಗ ತಲೆಗೆ ಹೋಗಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ, ಬೆಳಗ್ಗೆ ಅವರು ಹೊರಡುವಾಗ ಮಾತಾಡಲಿಲ್ಲ. ಹತ್ತೂವರೆಗೆ ದೋಸೆಯ ಕಬ್ಬಿಣದ ಕಾವಲಿಯನ್ನು ಒಲೆಯ ಮೇಲಿಟ್ಟು ದೊಡ್ಡ ಉರಿ ಮಾಡಿದೆ. ಹಿಟ್ಟಿರಲಿಲ್ಲ, ದೋಸೆ ಮಾಡುವ ಮನಸ್ಸೂ ಇರಲಿಲ್ಲ. ನನಗೆ ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ನನ್ನ ಏಳು ವರ್ಷದ ಕಲ್ಲು ಹಾಳಾಗುತ್ತದೆಂದು ಗೊತ್ತಿತ್ತು. ಆ ಬಿಸಿ ಅಲ್ಲಿಗೂ ದಾಟುತ್ತದೆಂದು ಗೊತ್ತಿತ್ತು. ಲೋಟ ಎತ್ತಿಕೊಳ್ಳಲು ಬರುವ ಆ ಕೆಂಪುಗುರಿನ ಕೈ ಚುರುಕ್ಕೆನ್ನಲಿ ಎಂದೇ ನಾನು ಕಾಯುತ್ತಿದ್ದೆ. ಹನ್ನೊಂದು ಗಂಟೆಯಾಗಿ ಸ್ವಲ್ಪ ಹೊತ್ತಿಗೆ ಉಂಗುರ ಮೂಡಿತು, ಬಾಲ ಬೆಳೆಯಿತು. ದಿನವೂ ನಾನು ಅದನ್ನು ಕೂಡಲೇ ಒರೆಸುತ್ತಿದ್ದೆ. ಅವತ್ತು ಒರೆಸಲಿಲ್ಲ. ಕಾವಲಿಯ ಹಿಡಿಗೆ ಬಟ್ಟೆ ಸುತ್ತಿ, ಎತ್ತಿ, ಉಂಗುರದ ಮೇಲೆಯೇ ಕುಕ್ಕಿದೆ. ಕಲ್ಲು ಚಿಟಿಲ್ ಎಂದಿತು. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಹತ್ತು ಎಣಿಸಿ ತೆಗೆದೆ. ಬಿಳಿಕಲ್ಲಿನ ಮೇಲೆ ತಟ್ಟೆಯಗಲದ ಕಂದು ಗುರುತು, ನಡುವಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಯ್ಯೋ ನನ್ನ ಕಲ್ಲೇ ಎಂದು ಅಲ್ಲೇ ಕುಕ್ಕರಿಸಿ ಅತ್ತೆ.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರ ಎಡಗೈಗೆ ಬಿಳಿಬಟ್ಟೆ ಸುತ್ತಿತ್ತು.

‘ಏನ್ರೀ ಇದು?’ ಎಂದೆ.

‘ಏನಿಲ್ಲ. ಅಂಗಡೀಲಿ ಫ್ರೇಮು ಬೆಸೆಯೋ ಕಡ್ಡಿ ತಾಗ್ತು.’

ಬಟ್ಟೆ ಬಿಚ್ಚಿ ನೋಡಿದೆ. ಕಡ್ಡಿ ತಾಗಿದರೆ ಗೆರೆ ಬೀಳಬೇಕು. ಇಲ್ಲಿ ಅಂಗೈ ಪೂರ್ತಿ, ಐದೂ ಬೆರಳಿನ ತುದಿಯವರೆಗೆ ಬೊಬ್ಬೆ ಎದ್ದಿತ್ತು. ಅಂಗೈಯನ್ನು ಯಾವುದರ ಮೇಲೋ ಚಪ್ಪಟೆಯಾಗಿ ಊರಿಕೊಂಡಿದ್ದವರಿಗೆ ಮಾತ್ರ ಹಾಗೆ ಸುಡುವುದು. ನಾನು ಲೋಳೆಸರ ಕೊಯ್ದು ತಂದು ಹಚ್ಚಿದೆ. ಅವರು ನೋವಿಗೆ ಹಲ್ಲು ಕಚ್ಚಿಕೊಂಡು ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡಲಿಲ್ಲ. ಎಲ್ಲಿ ಸುಟ್ಟುಕೊಂಡಿರಿ ಎಂದು ನಾನು ಕೇಳಿದರೆ ಹೇಗೆ ಸುಟ್ಟಿತು ಎನ್ನುವುದನ್ನು ನಾನು ಹೇಳಬೇಕಾಗುತ್ತಿತ್ತು. ಅವರು ಹೇಗೆ ಎಂದು ಕೇಳಿದರೆ ಎಲ್ಲಿ ಎನ್ನುವುದನ್ನು ಅವರು ಹೇಳಬೇಕಾಗುತ್ತಿತ್ತು. ಊಟಕ್ಕೆ ಎದ್ದು ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಕಟ್ಟೆಯ ಮೇಲೆ ಮುಸುಕು ಹಾಸಿತ್ತು. ಪರರು ಬಂದಾಗ ಹಾಸುವ ಮುಸುಕನ್ನು ನಾನು ಮನೆಯ ಯಜಮಾನರಿಗೆ ಹಾಸಿದ್ದೆ. ಅವರು ಅದನ್ನು ನೋಡಿದರು, ಎತ್ತಲಿಲ್ಲ, ಕೇಳಲಿಲ್ಲ. ಬಲಗೈಯಲ್ಲಿ ತಡವರಿಸುತ್ತಾ ಕಲಸಿಕೊಂಡು ಉಂಡು ಎದ್ದರು.

ಆ ಸಂಜೆ ರವಿಕೆ ಬಟ್ಟೆಯ ನೆಪ ಮಾಡಿಕೊಂಡು ಗಲ್ಲಿಯಲ್ಲಿ ಸುಗುಣಾಳ ಮನೆಯ ಮುಂದೆ ಎರಡು ಸಲ ಓಡಾಡಿದೆ. ಅವಳು ಜಗಲಿಯ ಮೇಲೆ ಮಿಷನ್ ತುಳಿಯುತ್ತಿದ್ದಳು. ಎರಡು ಕೈಯೂ ನೆಟ್ಟಗಿದ್ದವು, ನನ್ನನ್ನು ಕಂಡು ಮುಖ ತಿರುಗಿಸಿದಳು. ಇವಳಲ್ಲದಿದ್ದರೆ ಇನ್ಯಾರು ಎಂದು ನನ್ನ ತಲೆ ಮತ್ತೆ ಶುರು ಮಾಡಿತು. ಗಂಡನ ಕೈ ಸುಟ್ಟು ಕೂತಿರುವಾಗಲೂ ನನ್ನ ಗುಮಾನಿ ತಣ್ಣಗಾಗಲಿಲ್ಲ, ಸುಳ್ಳೇಕೆ ಹೇಳಲಿ.

ಎರಡು ದಿನ ಮುಸುಕು ಹಾಸಿಕೊಂಡೇ ಅಡುಗೆ ಮಾಡಿದೆ. ಮೂರನೆಯ ದಿನ ಭಾನುವಾರ. ಬೆಳಗ್ಗೆ ಕಾಫಿ ಕೊಟ್ಟೆ. ಅವರು ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂತರು. ಬಲಗೈಯಲ್ಲಿ ಲೋಟ ಹಿಡಿಯಲು ಬಾರದೆ ಅರ್ಧ ಕಾಫಿ ಪಂಚೆಯ ಮೇಲೆ ಚೆಲ್ಲಿಕೊಂಡರು. ಮಗುವಿನ ಹಾಗೆ ಅದನ್ನೇ ನೋಡುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

‘ನಾನೇ ರೀ ಕಾವಲಿ ಇಟ್ಟಿದ್ದು. ಬೇಕೂಂತಲೇ ಇಟ್ಟೆ’ ಎಂದೆ.

‘ಗೊತ್ತು’ ಎಂದರು.

‘ಗೊತ್ತಾ? ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ? ಯಾರ್ರೀ ಅವಳು? ಯಾರ ಮನೇಗ್ರೀ ಹೋಗ್ತೀರಾ ದಿನಾ ಹನ್ನೊಂದು ಗಂಟೆಗೆ?’ ನನ್ನ ದನಿಗೆ ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ಅವರು ಎದ್ದು ಒಳಗೆ ಬಂದು ಹಿತ್ತಿಲ ಬಾಗಿಲು ಹಾಕಿದರು.

‘ಕೂಗಬೇಡ. ಕಲ್ಲು ಕೂರಿಸೋ ಈರಣ್ಣನ ಮನೆಗೆ.’

‘ಈರಣ್ಣನ ಮನೇಲಿ ಇರೋದು ಕಡಪ ಕಲ್ಲು. ನನ್ಗೇ ಕಥೆ ಕಟ್ತೀರಾ?’

‘ಇಲ್ಲ ಕಣೇ. ಅವನ ಹೆಂಡತಿಗೆ ಕಾಯಿಲೆ ಜಾಸ್ತಿ ಆದಾಗ, ನನಗೂ ಬಿಳಿಕಟ್ಟೆ ಬೇಕು, ಊರಿಗೆಲ್ಲ ಹಾಕ್ತೀಯ ಅಂದಳಂತೆ. ಹಾಕಿಬಿಟ್ಟ. ನಮ್ಮ ಹಲಗೆಯಲ್ಲಿ ಉಳಿದಿದ್ದೇ. ಆಕೆ ಮೂರು ತಿಂಗಳು ನೋಡಿಕೊಂಡು ಹೋದಳು. ಊರಿಗೆ ಗೊತ್ತಾದರೆ ಅವನಿಗೆ ಯಾರೂ ಇನ್ನು ಕೆಲಸ ಕೊಡಲ್ಲ. ನಮ್ಮ ಕಲ್ಲೂ ಕೀಳಿಸಬೇಕು. ನಿನಗೆ ಆ ಕಲ್ಲಂದ್ರೆ ಪ್ರಾಣ. ಅದಕ್ಕೇ ಹೇಳಲಿಲ್ಲ.’

‘ಮತ್ತೆ ಲೋಟದ ಪಕ್ಕ ಬಿದ್ದಿದ್ದ ಆ ಕೆಂಪು ಉಗುರುಬಣ್ಣ?’

‘ಯಾವ ಉಗುರು? ಅದು ಅವನು ಕಲ್ಲು ಕೊಯ್ಯೋ ಕಡೆ ಗುರುತು ಹಾಕ್ತಾನಲ್ಲ, ಆ ಕೆಂಪು ಬಣ್ಣ. ಡಬ್ಬಿ ಅಲ್ಲೇ ಇರತ್ತೆ.’

ಅವರು ನಿಂತಲ್ಲೇ ಮಾತು ಮುಂದುವರಿಸಿದರು. ಅಷ್ಟೊಂದು ಮಾತನ್ನು ಒಟ್ಟಿಗೆ ಅವರ ಬಾಯಿಂದ ನಾನು ಕೇಳಿದ್ದೇ ಇಲ್ಲ. ಯುಗಾದಿಯ ಮರುದಿನ ಈರಣ್ಣನ ಕನ್ನಡಕ ತಲುಪಿಸಲು ಅವನ ಮನೆಗೆ ಹೋಗಿದ್ದರಂತೆ. ಒಂಟಿ ಗಂಡಸು, ಮುಸುಕು ಹಾಸಬೇಕೆಂಬ ಎಚ್ಚರ ಅವನಿಗಿರಲಿಲ್ಲ. ಕಟ್ಟೆಯ ಮೇಲೆ ಚೆಲ್ಲಿದ್ದ ಹುಳಿ ಇವರ ಕಣ್ಣೆದುರೇ ಅಳಿಸಿಹೋಗತೊಡಗಿತಂತೆ, ಉದ್ದಕ್ಕೆ ನಾಲ್ಕು ಪಟ್ಟೆ, ಅಡ್ಡಕ್ಕೆ ಎರಡು.

‘ನಿನ್ನ ಕೈ ನನಗೆ ಗೊತ್ತಾಗಲ್ವಾ? ಹದಿನೆಂಟು ವರ್ಷದಿಂದ ನೋಡ್ತಿದೀನಿ. ಕಲ್ಲು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನಿನ್ನ ಉಗುರುಬೆಚ್ಚಗಿನ ನೀರು. ಆಮೇಲೆ ದಿನಾ ಹೋಗತೊಡಗಿದೆ. ಅಲ್ಲಿ ಲೋಟ ಇಡಬಹುದು. ಲೋಟ ಇಟ್ಟರೆ ನೀನು ಬರ್ತೀಯ. ಅಂಗೈ ಊರಿಕೊಂಡು ನಿಂತರೆ ನೀನು ಒರೆಸೋದು ಗೊತ್ತಾಗ್ತಿತ್ತು. ಕಾಫಿ ಮುಗಿಸ್ಕೊಂಡು ಅಂಗಡಿಗೆ ವಾಪಸ್ ಬರ್ತಿದ್ದೆ. ಇಷ್ಟೇ ಕಣೇ.’

‘ಮೊನ್ನೆ?’

‘ಮೊನ್ನೆ ನೀನು ಬರೋದು ತಡ ಆಯ್ತು. ಬೆಳಗ್ಗೆ ಬೇರೆ ಮಾತಾಡಿರಲಿಲ್ಲ. ಮೈ ಸರಿಯಿಲ್ವೇನೋ ಅಂತ ಕೈ ಎತ್ತದೇ ಕಾಯ್ತಾ ಇದ್ದೆ. ಬಿಸಿ ಹತ್ತಿದಾಗ, ಸದ್ಯ, ಬಂದಳು ಅಂದ್ಕೊಂಡೆ.’

ಬೇರೆ ಯಾವ ಹೆಂಗಸಾದರೂ ಅಲ್ಲೇ ಕರಗಿ ನೀರಾಗುತ್ತಿದ್ದಳು. ನನ್ನ ಕಣ್ಣೂ ತುಂಬಿತು. ಆದರೆ ನನ್ನ ಹಾಳು ಬುದ್ಧಿ, ಇಷ್ಟು ಚೆನ್ನಾದ ಮಾತು ಈ ಮೂಗಬಸವನ ಬಾಯಲ್ಲಿ ಹೇಗೆ ಬಂತು, ಎರಡು ದಿನ ಕೂತು ಹೊಸೆದಿದ್ದರೆ, ಎಂದು ಒಳಗಿನಿಂದ ಚುಚ್ಚಿತು. ‘ನಡೀರಿ, ತೋರಿಸಿ’ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು.

ಈರಣ್ಣನ ಮನೆ ಪೇಟೆಬೀದಿಯ ತುದಿಯಲ್ಲಿ, ಕಲ್ಲಿನ ದೂಳು ಮೆತ್ತಿದ ಅಂಗಳದ ಹಿಂದೆ. ನನ್ನನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ‘ಅಕ್ಕಾ, ನಿಮ್ಮ ಕಾಲು ಹಿಡ್ಕೋತೀನಿ, ಯಾರಿಗೂ…’ ಎಂದ.

‘ನಾನ್ಯಾಕೆ ಹೇಳಲಿ? ನಾನು ಸುಟ್ಟಿರೋದನ್ನೂ ಹೇಳಬೇಕಾಗತ್ತಲ್ಲ’ ಎಂದು ಒಳಗೆ ಹೋದೆ. ಅಡುಗೆಮನೆಯೋ ದೇವರಿಗೇ ಪ್ರೀತಿ. ಅರಿಸಿನದ ಡಬ್ಬಿಗೆ ಮುಚ್ಚಳವಿಲ್ಲ, ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ ಕೆಂಪು ಬಣ್ಣದ ಡಬ್ಬಿ. ಇವನೇ ನನ್ನ ಮಹಾರಾಣಿ! ಕಟ್ಟೆಯ ನಡುವಿನಲ್ಲಿ ನಾನು ಸುಟ್ಟ ಕಂದು ಗುರುತು, ಅದೇ ಬಿರುಕು. ಹೆಣ್ಣಿನ ಸುಳಿವು ಎಲ್ಲೂ ಇಲ್ಲ, ಗೋಡೆಯ ಮೇಲೆ ಹಾರ ಹಾಕಿದ ಅವನ ಹೆಂಡತಿಯ ಪಟವೊಂದನ್ನು ಬಿಟ್ಟು. ಆದರೂ ಒಂದು ಮಾತು ಉಳಿದಿತ್ತು. ಕೈಯಿಟ್ಟರೆ ಗೊತ್ತಾಗುತ್ತಿತ್ತು ಎಂದರಲ್ಲ, ಅದು ನಿಜವೋ?

‘ನೀವು ಮನೆಗೆ ಹೋಗಿ’ ಎಂದೆ ಯಜಮಾನರಿಗೆ. ‘ನೀರು ಕಾಯಿಸಿ ಕಟ್ಟೆ ಒರೆಸಿ. ನಾನಿಲ್ಲಿ ಕೈ ಇಟ್ಕೊಂಡಿರ್ತೀನಿ.’

‘ಒಂದೇ ಕೈಯಲ್ಲಿ ನಂಗೆ ಸರಿಯಾಗಿ ಒರೆಸೋಕೆ ಬರಲ್ಲ ಅಂಬೂ.’

‘ಬಂದ ಹಾಗೆ ಒರೆಸಿ.’

ಅವರು ಹೋದರು. ಈರಣ್ಣ ಅಂಗಳಕ್ಕೆ ಹೋಗಿ ಕೂತ. ನಾನು ಸುಟ್ಟ ಗುರುತಿನ ಪಕ್ಕದಲ್ಲಿ ಎಡಗೈಯನ್ನು ಚಪ್ಪಟೆಯಾಗಿ ಊರಿ ನಿಂತೆ. ಕಲ್ಲು ತಣ್ಣಗಿತ್ತು. ಮನೆಗೆ ನಡೆಯಲು ಹತ್ತು ನಿಮಿಷ, ನೀರು ಕಾಯಲು ಐದು ನಿಮಿಷ. ಅಷ್ಟು ಹೊತ್ತೂ ಕಳೆಯಿತು. ಕಲ್ಲು ತಣ್ಣಗೇ ಇತ್ತು. ಆಗ ನನಗೆ ಹೊಳೆಯಿತು. ಮುಸುಕು ತೆಗೆದಾಗ ಅವರು ಆ ಗುರುತನ್ನು ಮೊದಲ ಸಲ ನಮ್ಮ ಮನೆಯಲ್ಲಿ ನೋಡುತ್ತಾ ನಿಂತಿರುತ್ತಾರೆ. ಒಲೆ ಪಕ್ಕದಲ್ಲೇ ಇದೆ. ಕಾವಲಿ ಮೊಳೆಗೆ ತೂಗುತ್ತಿದೆ. ಸುಟ್ಟ ಕೈ ಅವರದು, ಸುಡಬೇಕಾದ ಕೈ ಇಲ್ಲಿ ನಾನೇ ಊರಿಟ್ಟಿದ್ದೇನೆ. ಇಷ್ಟು ತಡವೇಕೆ? ನೀರಿಗೆ ಇಷ್ಟು ತಡ ಬೇಡ. ಕಬ್ಬಿಣ ಕಾಯಲು ಬೇಕು.

ಕೈ ತೆಗೆದುಬಿಡಬೇಕೆನ್ನಿಸಿತು. ತೆಗೆದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ, ಇಟ್ಟಿದ್ದೆ ಎಂದು ಹೇಳಿದರೆ ಅವರು ನಂಬಿಯೂ ಬಿಡುತ್ತಿದ್ದರು. ಅವರು ನನ್ನ ಹಾಗಲ್ಲ, ನಂಬುವ ಜಾತಿ. ಆ ಮನುಷ್ಯ ಬಿಸಿ ಹತ್ತುವಾಗಲೂ ನಾನೇ ಬಂದೆ ಎಂದುಕೊಂಡು ನಿಂತಿದ್ದರಲ್ಲ ಎಂದು ನೆನೆದಾಗ ಮಾತ್ರ ನನಗೆ ನಾಚಿಕೆಯಾಯಿತು, ಹುಟ್ಟಿದಾರಭ್ಯ ಆಗದಷ್ಟು ನಾಚಿಕೆ. ಸುಡುವುದಾದರೆ ಸುಡಲಿ ಎಂದು ಕಣ್ಣು ಮುಚ್ಚಿ ಕೈಯನ್ನು ಇನ್ನೂ ಒತ್ತಿ ಇಟ್ಟೆ.

ಕಲ್ಲು ಬೆಚ್ಚಗಾಯಿತು. ಬಲಗಡೆಯಿಂದ ಒಂದು ಬೆಚ್ಚನೆಯ ಪಟ್ಟೆ ಬಂದು ನನ್ನ ಅಂಗೈಯ ಕೆಳಗೆ ಹಾದು ನಿಂತಿತು, ಅಲ್ಲೇ ಗಿರಗಿರನೆ ಸುತ್ತಿತು, ಮತ್ತೆ ಹಿಂದಕ್ಕೆ ಹೋಯಿತು. ಉದ್ದವೂ ಇಲ್ಲ, ಅಡ್ಡವೂ ಇಲ್ಲ, ಲೆಕ್ಕವಂತೂ ಇಲ್ಲವೇ ಇಲ್ಲ. ಬಟ್ಟೆಯನ್ನು ಹಿಂಡದೆಯೇ ಒರೆಸುತ್ತಿದ್ದಾರೆ, ನೀರೆಲ್ಲ ಕೆಳಗೆ ಸುರಿದು ಅಡುಗೆಮನೆ ಕೊಚ್ಚೆಯಾಗಿರಬೇಕು, ಎಷ್ಟು ಹೇಳಿಕೊಟ್ಟರೂ ಈ ಮನುಷ್ಯನಿಗೆ ಬರುವುದಿಲ್ಲ ಎಂದು ಬೈದುಕೊಂಡೆ. ಕಣ್ಣೀರು ಸುರಿದು ಕಟ್ಟೆಯ ಮೇಲೆ ಬೀಳುತ್ತಿತ್ತು, ಒರೆಸಲು ಹೋಗಲಿಲ್ಲ. ಈರಣ್ಣ ಬಾಗಿಲಿಗೆ ಬಂದು, ‘ಅಕ್ಕಾ, ಆಯ್ತಾ?’ ಎಂದ. ಇನ್ನೂ ಒರೆಸ್ತಾ ಇದ್ದಾರೆ, ಸ್ವಲ್ಪ ಇರು ಎಂದೆ.